ಹಳೇ ಫೋನನ್ನು ಕ್ಯಾಮೆರಾ ಮಾಡಿದರೆ ಕಾರ್ಬನ್ ನಿಜವಾಗಿ ಉಳಿಯುತ್ತಾ?

ಅಡಿಕೆ_ಅಂಗಳ:
2018ರ ಆಂಡ್ರಾಯ್ಡ್ ಫೋನ್ ಒಂದು ಸುಮ್ನೆ ಬಿದ್ದಿದೆ. ಸ್ಕ್ರೀನ್, ವೈಫೈ ಸರಿ ಇವೆ, ಬ್ಯಾಟರಿ ಮಾತ್ರ ಅರ್ಧ ದಿನವೂ ಬರುವುದಿಲ್ಲ. ಅಡಿಕೆ ಒಣಹಾಕಿದಾಗ ಅಂಗಳದ ಮೇಲೆ ಕಣ್ಣಿಡಲು ಐಪಿ ವೆಬ್‌ಕ್ಯಾಮ್ ಆ್ಯಪ್ ಹಾಕಿ ಇದನ್ನೇ ಕ್ಯಾಮೆರಾ ಮಾಡೋಣ ಅಂತಿದ್ದೇನೆ. ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟರೆ ಕರೆಂಟ್ ದಂಡ, ಪರಿಸರಕ್ಕೇನು ಲಾಭ ಅಂತ ತಮ್ಮನ ವಾದ. ಹೌದಾ?

ಸೋಲ್ಡರ್_ಸುಬ್ಬು:
ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾ ಓಡುತ್ತಿರುವ ಫೋನ್ 2-3 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ, ವರ್ಷಪೂರ್ತಿ ಹಾಕಿಟ್ಟರೆ 20 ಯೂನಿಟ್ ಆಸುಪಾಸು. ನಮ್ಮ ದೇಶದಲ್ಲಿ ಕಲ್ಲಿದ್ದಲ ಕರೆಂಟೇ ಜಾಸ್ತಿ, ಯೂನಿಟ್‌ಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್, ಅಂದರೆ 14 ಕೆಜಿ. ಫೋನನ್ನು ಫೋನಾಗಿಯೇ ಬಳಸಿದರೆ ವರ್ಷದ ಚಾರ್ಜಿಂಗ್‌ಗೆ ಐದಾರು ಯೂನಿಟ್ ಸಾಕು. ಒಂದು ಫೋನಿನ ಇಡೀ ಆಯುಷ್ಯದ ಲೆಕ್ಕ ಸಾಮಾನ್ಯವಾಗಿ 50ರಿಂದ 80 ಕೆಜಿ, ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಚಿಪ್, ಸ್ಕ್ರೀನ್ ಅಂತ ತಯಾರಿಕೆಯಲ್ಲೇ ಮುಗಿದಿರುತ್ತದೆ. ಅದು ಆಗಲೇ ಹೋಗಿದೆ, ಕ್ಯಾಮೆರಾ ಮಾಡಿದರೆ ವರ್ಷಕ್ಕೆ ಆ 14 ಕೆಜಿ ಮೇಲಿಂದ ಸೇರುತ್ತದೆ. ಹಾಗಾಗಿ ತಮ್ಮನ ಮಾತು ಪೂರ್ತಿ ಸುಳ್ಳಲ್ಲ.

ಮಳೆಗಾಲ88:
ನನ್ನ ಪ್ರಶ್ನೆ ಬೇರೆ. ಈ ಫೋನ್ ಇಲ್ಲದಿದ್ದರೆ ಹೊಸ ಕ್ಯಾಮೆರಾ ಕೊಳ್ಳುತ್ತಿದ್ದಿರಾ? ಕೊಳ್ಳುತ್ತಿದ್ದರೆ ಉಳಿತಾಯ ಹೌದು. ಇಲ್ಲ, ಫೋನ್ ಇದೆಯಲ್ಲ ಅಂತ ಹೊಸ ಕೆಲಸ ಹುಡುಕಿದ್ದಾದರೆ ಅದು ಖರ್ಚೇ ಸ್ವಾಮಿ! ಮರುಬಳಕೆ ಅಂತ ಹೆಸರಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ, ಯಾವುದೋ ಒಂದು ಹೊಸ ಸಾಮಾನು ಮನೆಗೆ ಬರುವುದು ತಪ್ಪಬೇಕು.

ಬ್ಯಾಟರಿ ಊದಿದೆಯಾ ನೋಡಿ. ಹಿಂದಿನ ಕವರ್ ಎದ್ದಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಅದೂ ಬಿಸಿಲಲ್ಲಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದವರು ಹಳೇ ಫೋನ್‌ಗಳನ್ನು ಸೇರಿಸಿ ಪುಟ್ಟ ಡೇಟಾ ಸೆಂಟರ್ ಮಾಡಿದಾಗ ಮೊದಲು ಬ್ಯಾಟರಿ ತೆಗೆದು ಹೊರಗಿನಿಂದ ಕರೆಂಟ್ ಕೊಟ್ಟರು.

ಅಡಿಕೆ_ಅಂಗಳ:
ಊದಿಲ್ಲ. ನಿಜ ಹೇಳಬೇಕೆಂದರೆ ಕ್ಯಾಮೆರಾ ಕೊಳ್ಳುವ ಯೋಚನೆ ಇರಲಿಲ್ಲ 😄 ಆದರೆ ಅಮ್ಮನಿಗೆ ಹೊಸ ಫೋನ್ ತೆಗೆದುಕೊಡಬೇಕಿತ್ತು. ಬ್ಯಾಟರಿ ಹಾಕಿಸಿ ಇದನ್ನೇ ಕೊಟ್ಟರೆ ಆಗುತ್ತಾ? ಕರೆ, ವಾಟ್ಸ್‌ಆ್ಯಪ್, ಯೂಟ್ಯೂಬ್ ಅಷ್ಟೇ.

ಸೋಲ್ಡರ್_ಸುಬ್ಬು:
ಧಾರಾಳವಾಗಿ ಕೊಡಿ, ಕ್ಯಾಮೆರಾಗಿಂತ ಇದೇ ಎಷ್ಟೋ ಮೇಲು. ಒಳ್ಳೇ ಬ್ಯಾಟರಿ ಹಾಕಿಸಿ, ತೀರಾ ಅಗ್ಗದ ನಕಲಿ ಬೇಡ. ಬೆಂಗಳೂರಿಗೆ ಬಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಲ್ಲಿ ವಿಚಾರಿಸಿ. 2018ರ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿರುತ್ತದೆ, ಅದಕ್ಕೆ ಬ್ಯಾಂಕ್ ಆ್ಯಪ್, ಯುಪಿಐ ಹಾಕಬೇಡಿ. ಮಾಡೆಲ್ ಯಾವುದು ಹೇಳಿ, ಲೀನಿಯೇಜ್‌ಓಎಸ್ (ಹಳೇ ಫೋನ್‌ಗಳಿಗೂ ಅಪ್‌ಡೇಟ್ ಕೊಡುವ, ಆಂಡ್ರಾಯ್ಡ್‌ನ ಉಚಿತ ರೂಪ) ಸಿಗುತ್ತಾ ನೋಡೋಣ.