ಸಮುರಾಯ್‌ಗಳಲ್ಲಿ ಜಪಾನಿನ ಚರಿತ್ರೆಯನ್ನು ಬದಲಿಸಿದವರು ಯಾರು?

ಪ್ರಶ್ನೆ: ಬಸವನಗುಡಿಯ ಓದುಗ
ಮಾನ್ಯರೇ, ಪ್ರೌಢಶಾಲೆಯಲ್ಲಿ ಓದುತ್ತಿರುವ ನನ್ನ ಮಗಳು ಜಪಾನಿನ ಹಿಂದಿನ ಯೋಧವರ್ಗವಾದ ಸಮುರಾಯ್‌ಗಳ ಕುರಿತು ಪ್ರಬಂಧ ಬರೆಯುತ್ತಿದ್ದಾಳೆ. ಅವಳು ಕಲೆಹಾಕಿದ ಮಾಹಿತಿಯಲ್ಲೆಲ್ಲ ಮಿಯಾಮೊಟೊ ಮುಸಾಶಿಯ ಹೆಸರೇ ಎದ್ದು ಕಾಣುತ್ತದೆ. ಅರವತ್ತಕ್ಕೂ ಹೆಚ್ಚು ದ್ವಂದ್ವಯುದ್ಧಗಳಲ್ಲಿ ಸೋಲಲಿಲ್ಲವೆಂದು ತಾನೇ ಬರೆದುಕೊಂಡಿರುವ ಈ ಖಡ್ಗಪಟು ಆ ದೇಶದ ಚರಿತ್ರೆಯ ಗತಿಯನ್ನು ಬದಲಿಸಿದವನೇ? ಅವನನ್ನು ಬಿಟ್ಟರೆ ಯಾರ ಬಗ್ಗೆ ಬರೆಯುವುದು ಸೂಕ್ತ?

ಉತ್ತರ 1: ಮಲ್ಲೇಶ್ವರದ ನಿವೃತ್ತ ಅಧ್ಯಾಪಕ
ಮುಸಾಶಿಯ ಖಡ್ಗವಿದ್ಯೆ ದೊಡ್ಡದು, ಆದರೆ ರಾಜ್ಯದ ಆಗುಹೋಗುಗಳಲ್ಲಿ ಅವನ ಪಾತ್ರ ಚಿಕ್ಕದು. 1612ರಲ್ಲಿ ಗನ್ರ್ಯೂ ದ್ವೀಪದಲ್ಲಿ ಅವನು ತನ್ನ ಹೆಸರಾಂತ ದ್ವಂದ್ವವನ್ನು ಗೆಲ್ಲುವ ಹೊತ್ತಿಗೆ ಜಪಾನಿನ ಭವಿಷ್ಯ ಬಹುಮಟ್ಟಿಗೆ ತೀರ್ಮಾನವಾಗಿತ್ತು. 1600ರ ಸೆಕಿಗಹರಾ ಕದನವನ್ನು ಗೆದ್ದ ತೊಕುಗಾವಾ ಇಯೆಯಾಸು 1603ರಲ್ಲಿ ಶೋಗನ್, ಅಂದರೆ ದೇಶವನ್ನಾಳುವ ಸೇನಾಧಿಪತಿಯ ಪದವಿಗೇರಿದ್ದನು. ನನ್ನನ್ನು ಕೇಳಿದರೆ, ತಮ್ಮ ಮಗಳು ತೊಯೊತೊಮಿ ಹಿದೆಯೊಶಿಯ ಬಗ್ಗೆ ಬರೆಯಲಿ. ಸಾಮಾನ್ಯ ಮನೆತನದಲ್ಲಿ ಹುಟ್ಟಿ ದೇಶವನ್ನೇ ಒಂದುಗೂಡಿಸಿದ ಈತ 1588ರಲ್ಲಿ ರೈತರ ಬಳಿಯಿದ್ದ ಕತ್ತಿ, ಈಟಿ, ಕೋವಿಗಳನ್ನೆಲ್ಲ ಕಿತ್ತುಕೊಳ್ಳಲು ಆಜ್ಞೆ ಹೊರಡಿಸಿದನು; ಆ ಲೋಹ ಬುದ್ಧನ ಮಹಾವಿಗ್ರಹದ ಕೆಲಸಕ್ಕೆ ಬೇಕೆಂಬುದು ಅವನು ಕೊಟ್ಟ ಕಾರಣ. ಅಲ್ಲಿಯವರೆಗೆ ಉಳುವವನೂ ಹೋರುವವನೂ ಅನೇಕ ಕಡೆ ಒಬ್ಬನೇ ಆಗಿದ್ದನು. ಆ ಆಜ್ಞೆಯ ನಂತರ ಸಮುರಾಯ್ ನೆಲದಿಂದ ದೂರವಾಗಿ, ಒಡೆಯನ ಕೋಟೆಪೇಟೆಯಲ್ಲಿ ಅಕ್ಕಿಯ ಲೆಕ್ಕದಲ್ಲಿ ಸಂಬಳ ಪಡೆಯುವ ನೌಕರನಾಗುತ್ತ ಬಂದನು. ತನ್ನಂತೆ ಕೆಳಗಿನಿಂದ ಮೇಲೇರಬಹುದಾದವರ ದಾರಿಯನ್ನು ಅವನೇ ಮುಚ್ಚಿದನೆಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಉತ್ತರ 2: ವಿಜಯನಗರದ ಓದುಗಿ
ಅಧ್ಯಾಪಕರ ಮಾತನ್ನು ಒಪ್ಪುತ್ತೇನೆ. ಆದರೆ ಈ ವರ್ಗದ ಕೊನೆಯನ್ನೂ ಹೇಳದಿದ್ದರೆ ಪ್ರಬಂಧ ಅಪೂರ್ಣವಾದೀತು. ಸೈಗೊ ತಕಮೊರಿ 1868ರಲ್ಲಿ ಶೋಗನರ ಆಳ್ವಿಕೆಯನ್ನು ಉರುಳಿಸಿದವರಲ್ಲಿ ಪ್ರಮುಖನು. ಅನಂತರ ಬಂದ ಸರ್ಕಾರದಲ್ಲಿಯೂ ಇದ್ದನು. ಅದೇ ಸರ್ಕಾರ 1873ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಜಾರಿಗೆ ತಂದು, 1876ರಲ್ಲಿ ಕತ್ತಿ ಧರಿಸುವ ಹಕ್ಕನ್ನೂ ವಂಶಪಾರಂಪರ್ಯ ವೇತನವನ್ನೂ ಕೊನೆಗೊಳಿಸಿತು. ಮರುವರ್ಷ ದಂಗೆಯ ಮುಂದಾಳಾದ ಸೈಗೊ ಕಗೊಶಿಮಾದ ಶಿರೊಯಾಮಾ ಗುಡ್ಡದಲ್ಲಿ ಮಡಿದನು. ಅವನನ್ನು ಸೋಲಿಸಿದ ಸೈನ್ಯದಲ್ಲಿ ರೈತರ ಮಕ್ಕಳು ಬಂದೂಕು ಹಿಡಿದು ನಿಂತಿದ್ದರು.

ಉತ್ತರ 3: ಬೇಗೂರಿನ ಶಾಸನಾಸಕ್ತ
ಒಂದು ಹೋಲಿಕೆಯನ್ನು ಸೇರಿಸಬಯಸುತ್ತೇನೆ. ಒಡೆಯನ ಅಕ್ಕಿಯ ಋಣ ಎಂಬ ಭಾವ ನಮಗೆ ಹೊಸದಲ್ಲ. ಉಂಡ ಅನ್ನಕ್ಕೆ ಪ್ರಾಣ ಕೊಡುವುದನ್ನು ನಮ್ಮವರು ಜೋಳವಾಳಿ ಎಂದರು. ಒಡೆಯ ಸತ್ತಾಗ ತಾನೂ ಸಾಯುವುದು ಜಪಾನಿನಲ್ಲಿ ಜುನ್‌ಶಿ ಎನಿಸಿಕೊಂಡಿತು; ಶೋಗನರ ಸರ್ಕಾರ ಅದನ್ನು 1663ರಲ್ಲಿ ನಿಷೇಧಿಸಿತು. ಇಲ್ಲಿ ಹೊಯ್ಸಳರ ಅಂಗರಕ್ಷಕರಾದ ಗರುಡರು ಅದೇ ವ್ರತ ತೊಟ್ಟವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಸ್ಮಾರಕ ಸ್ತಂಭವಿದೆ. ತಮ್ಮ ಮಗಳನ್ನು ಒಂದು ಭಾನುವಾರ ಕರೆದುಕೊಂಡು ಹೋಗಿ ಅದನ್ನು ತೋರಿಸಿ. ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಕೆತ್ತನೆ ಅದರ ಮೇಲಿದೆ.