ಕ್ರೇಗ್ ಸೇಗರ್ ಯಾರು? ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ನೋಡುವವರು ಸ್ವಲ್ಪ ಹೇಳಿ

ಹೊಸ ಪ್ರೇಕ್ಷಕ: ಹಳೇ ವಿಡಿಯೋಗಳಲ್ಲಿ ಆಟಗಾರರು ‘ಸೇಗರ್ ಸ್ಟ್ರಾಂಗ್’ ಅಂತ ಬರೆದ ಟೀ ಶರ್ಟ್ ಹಾಕಿರುತ್ತಾರೆ. ಮೈಕ್ ಹಿಡಿಯುವ ವರದಿಗಾರನ ಮೇಲೆ ಇಷ್ಟೊಂದು ಪ್ರೀತಿ ಯಾಕೆ?

ಮೂಲೆ ಸೀಟು: ಟಿಎನ್‌ಟಿ ಚಾನೆಲ್‌ನವರು. ಕಣ್ಣು ಕುಕ್ಕುವ ಬಣ್ಣದ ಸೂಟುಗಳಿಗೆ ಹೆಸರುವಾಸಿ, ನಮ್ಮ ಜಾತ್ರೆ ಅಂಗಡಿಯೂ ಸಪ್ಪೆ ಅನ್ನಿಸಬೇಕು ಹಾಗೆ. 2014ರಲ್ಲಿ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಮಗನೇ ಅಸ್ಥಿಮಜ್ಜೆ ಕೊಟ್ಟ. ಸ್ಪರ್ಸ್ ತಂಡದ ಆಗಿನ ಕೋಚ್ ಪೊಪೊವಿಚ್ ಸಂದರ್ಶನದಲ್ಲಿ ಸದಾ ಸೇಗರ್ ಕಾಲೆಳೆಯುತ್ತಿದ್ದರು, ಅವರ ಸೂಟನ್ನಂತೂ ಬಿಡುತ್ತಲೇ ಇರಲಿಲ್ಲ. ಆ ವರ್ಷ ಅಪ್ಪನ ಜಾಗದಲ್ಲಿ ಮಗ ಮೈಕ್ ಹಿಡಿದು ಬಂದಾಗ ಅದೇ ಪೊಪೊವಿಚ್ ಕ್ಯಾಮೆರಾ ನೋಡಿ, ಬೇಗ ವಾಪಸ್ ಬನ್ನಿ, ಇನ್ಮೇಲೆ ಒಳ್ಳೆಯವನಾಗಿರುತ್ತೇನೆ ಅನ್ನೋ ಥರ ಮಾತಾಡಿದರು. ಹುಡುಕಿ ನೋಡಿ.

ರಾತ್ರಿ ಪಾಳಿ: 2016ರ ಫೈನಲ್ಸ್, ಅಂದರೆ ಪ್ರಶಸ್ತಿ ಸರಣಿಯ ಆರನೇ ಪಂದ್ಯ ಮರೆಯಬೇಡಿ. ಫೈನಲ್ಸ್ ಪ್ರಸಾರ ಟಿಎನ್‌ಟಿಯದ್ದಲ್ಲ, ಹಾಗಾಗಿ ಅಷ್ಟು ವರ್ಷ ದುಡಿದರೂ ಸೇಗರ್ ಒಂದೂ ಫೈನಲ್ಸ್ ಮಾಡಿರಲಿಲ್ಲ. ಎದುರಾಳಿ ಚಾನೆಲ್ ಇಎಸ್‌ಪಿಎನ್ ಆ ಒಂದು ರಾತ್ರಿಗೆ ಕರೆಯಿತು. ಪಂದ್ಯ ಗೆದ್ದ ತಂಡದ ತಾರೆ ಲೆಬ್ರಾನ್, ತನ್ನ ವಿಷಯ ಬಿಟ್ಟು ಇವರನ್ನೇ ಪ್ರಶ್ನೆ ಕೇಳಿದ. ಡಿಸೆಂಬರ್ 15ಕ್ಕೆ ಹೋಗಿಬಿಟ್ಟರು, 65 ವರ್ಷ.

ಹೊಸ ಪ್ರೇಕ್ಷಕ: ಆಫೀಸಲ್ಲಿ ಕೂತು ನೋಡಿದೆ. ತಪ್ಪು ಮಾಡಿದೆ, ಪಕ್ಕದವರು ಏನಾಯ್ತು ಅಂತ ಕೇಳುತ್ತಿದ್ದಾರೆ.

ಮೂಲೆ ಸೀಟು: ಸುಮ್ನೆ ಅಳಬೇಡಿ ಮಾರಾಯ್ರೆ. ಮೂರನೇ ಸಲ ಅವರಿಗೆ ಅಸ್ಥಿಮಜ್ಜೆ ಕೊಟ್ಟವರು ಗುರುತೇ ಇಲ್ಲದ ದಾನಿ. ನಮ್ಮಲ್ಲೂ ದಾತ್ರಿ ಅಂತ ಅಸ್ಥಿಮಜ್ಜೆ ದಾನಿಗಳ ನೋಂದಣಿ ಇದೆ, ಕೆನ್ನೆಯೊಳಗೆ ಹತ್ತಿ ಕಡ್ಡಿ ಸವರಿ ಮಾದರಿ ಕೊಟ್ಟರೆ ಆಯಿತು. ನಾನು ಕೊಟ್ಟಿದ್ದೇನೆ.