ಅಣ್ಣನ ಕುಡಿತ ಮನೆಯಲ್ಲೇ ಬಿಡಿಸಬಹುದಾ? ಅನುಭವ ಇದ್ದೋರು ಹೇಳಿ

ಕೇಳಿದ್ದು, ಮಂಡ್ಯ ಕಡೆಯಿಂದ:
ಅಣ್ಣನಿಗೆ 41. ಆಲೆಮನೇಲಿ ಕೆಲಸ. ಬೆಳಿಗ್ಗೆ ಎದ್ರೆ ಕಾಫಿ ಲೋಟ ಹಿಡಿಯೋಕಾಗದಷ್ಟು ಕೈ ನಡುಗುತ್ತೆ, ಒಂದು ಪ್ಯಾಕೆಟ್ ಇಳಿದ ಮೇಲೇ ಮನುಷ್ಯ ಆಗೋದು. ನಾಲ್ಕು ದಿನ ರೂಮಿಗೆ ಹಾಕಿ ಬೀಗ ಜಡಿದ್ರೆ ತಾನಾಗೇ ಬಿಡ್ತಾನೆ ಅಂತಾರೆ ಅಪ್ಪ. ಹೀಗೆ ಬಿಡಿಸಿದೋರು ಇದೀರಾ?

ಶ್ರೀರಂಗಪಟ್ಟಣದ ಅಕ್ಕ:
ನಾವು ಮಾಡಿದ್ವಿ ತಮ್ಮ. ನೀನು ಮಾಡಬೇಡ.

ನಮ್ಮೆಜಮಾನ್ರದ್ದು ಹದಿನೈದು ವರ್ಷದ ಕುಡಿತ. ಅತ್ತೆ, ಮೈದುನ ಸೇರಿ ಕೋಣೇಲಿ ಕೂಡಿಹಾಕಿದ್ರು. ಮೊದಲ ದಿನ ಬೆವರು, ವಾಂತಿ, ಬೈಗುಳ. ಎರಡನೇ ದಿನ ಸಂಜೆ ಫಿಟ್ಸ್ ಬಂತು. ಕೈಗೆ ಕಬ್ಬಿಣ ಕೊಟ್ಟು ಸುಮ್ಮನಾದ್ವಿ, ನಮ್ಮ ಬುದ್ಧಿ ಅಷ್ಟೇ. ಮೂರನೇ ರಾತ್ರಿ ನೋಡಿದ್ರೆ ಚಾಪೆ ಮೇಲೆ ಕೂತು, ಇಲ್ಲದ ಗುದ್ದಲಿ ಹಿಡಿದು, ಕಂಬಳಿಯ ಮಡಿಕೆಗಳನ್ನ ಬದು ಅಂದ್ಕೊಂಡು ಒಡೀತಿದ್ರು. "ನಾಲೆ ನೀರು ಬಂದೈತೆ, ಗದ್ದೆಗೆ ತಿರುಗ್ಸು" ಅಂತ, ಸತ್ತು ಒಂಬತ್ತು ವರ್ಷ ಆದ ನಮ್ಮ ಮಾವನನ್ನ ಕೂಗ್ತಿದ್ರು. ದೆವ್ವ ಅಂತ ಅತ್ತೆ ನಿಂಬೆಹಣ್ಣು ತರಿಸಿದ್ರು. ಮೈ ಮುಟ್ಟಿದ್ರೆ ಕಾದ ಹಂಚು. ಬೆಳಗಾಗೋಕೆ ಮುಂಚೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಸಾಗಿಸಿದ್ವಿ.

ಡಾಕ್ಟರು ಬಿಡಿಸಿ ಹೇಳಿದ್ದು: ದಿನಾ ಕುಡಿಯೋರ ಮಿದುಳು ಎಣ್ಣೆಯ ಮಂಪರಿಗೆ ಎದುರಾಗಿ ಜೋರಾಗಿ ಓಡೋದು ಕಲಿತಿರುತ್ತೆ. ಎಣ್ಣೆ ತಟ್ಟನೆ ನಿಂತ್ರೂ ಆ ಓಟ ನಿಲ್ಲಲ್ಲ. ನಡುಕ ಕೆಲವೇ ಗಂಟೇಲಿ, ಫಿಟ್ಸ್ ಹೆಚ್ಚಾಗಿ 48 ಗಂಟೆಯೊಳಗೆ, ಈ ಭ್ರಮೆ 2ರಿಂದ 4ನೇ ದಿನ. ಪ್ರಾಣ ಹೋಗೋದೂ ಉಂಟು. ನಿಮ್ಮಪ್ಪ ಹೇಳೋ ಆ ನಾಲ್ಕು ದಿನವೇ ಕಂಟಕ ಅಂತಾಯ್ತು. ಆಸ್ಪತ್ರೇಲಿ ನರ ಶಾಂತ ಮಾಡೋ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸ್ತಾ ಬಂದ್ರು. ವಿಟಮಿನ್ ಬಿ1 ಇಂಜೆಕ್ಷನ್ ಆದ ಮೇಲೇ ಗ್ಲೂಕೋಸ್ ಹಾಕಿದ್ದು.

ಮದ್ದೂರಿಂದ, ಕುಡಿತ ಬಿಟ್ಟೋನು:
ಗೊತ್ತಿಲ್ಲದಂಗೆ ಸಾರಿಗೆ ಮಾತ್ರೆ ಬೆರೆಸಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಕೇಳಬೇಡಿ. ನಮ್ಮನೇಲಿ ಬೆರೆಸಿದ್ರು, ಡೈಸಲ್ಫಿರಾಮ್ ಅನ್ನೋ ಕುಡಿತ ಬಿಡಿಸೋ ಮಾತ್ರೆ. ಅದು ಮೈಯಲ್ಲಿರೋವಾಗ ಕುಡಿದೆ ನೋಡಿ, ಮುಖ ಕೆಂಡ, ಎದೆ ಡಬಡಬ, ಬಿಪಿ ಕುಸಿದು ವೈನ್ ಸ್ಟೋರ್ ಮುಂದೇನೇ ಬಿದ್ದೆ. ಆಮೇಲೆ ಆರು ತಿಂಗಳು ಹೆಂಡ್ತಿ ಕೈಯ ಮುದ್ದೆ ಮುಟ್ಟಲಿಲ್ಲ. ಅದೇ ಮಾತ್ರೇನ ಡಾಕ್ಟರು ಟೆಸ್ಟ್ ಮಾಡಿಸಿ, ನನಗೇ ಹೇಳಿ ಕೊಟ್ಟಾಗ ಕೆಲಸಕ್ಕೆ ಬಂತು. ಬಿಟ್ಟ ಮೇಲೂ ಮೂರು ಸಲ ಜಾರಿದೀನಿ, ಮೂರೂ ಸಲ ಕಬ್ಬಿನ ಬಿಲ್ ಬಂದ ವಾರ. ಈಗ ದುಡ್ಡು ಅವಳ ಅಕೌಂಟಿಗೇ ಹೋಗುತ್ತೆ. 2007ರಲ್ಲಿ ಸಾರಾಯಿ ಬಂದ್ ಆದಾಗ ಊರೇ ಉದ್ಧಾರ ಅಂದ್ಕೊಂಡಿದ್ವಿ. ವಿಸ್ಕಿ ಪ್ಯಾಕೆಟ್‌ಗೆ ಬಂದ್ವಿ ಅಷ್ಟೇ.

ಮೈಸೂರಿನಿಂದ:
14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ರಾತ್ರಿನೂ ಮಾಡಬಹುದು. ನಿಮಗೆ ಹತ್ತಿರ ಅಂದ್ರೆ ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಅಲ್ಲೂ ಮನೋವೈದ್ಯ ವಿಭಾಗ ಇದೆ.

ಕೇಳಿದವನು:
ಇವತ್ತು ಶನಿವಾರ ರಾತ್ರಿ. ಸೋಮವಾರ ಕರ್ಕೊಂಡು ಹೋಗ್ತೀನಿ ಅಕ್ಕ. ಅಲ್ಲಿವರೆಗೂ ಕುಡಿಯದಂಗೆ ಹಿಡಿದಿಡ್ಲಾ?

ಶ್ರೀರಂಗಪಟ್ಟಣದ ಅಕ್ಕ:
ಬೇಡ. ಹೇಳೋಕೆ ಸಂಕಟ ಆಗುತ್ತೆ, ಆದ್ರೂ ಡಾಕ್ಟರು ನೋಡೋವರೆಗೆ ಏಕಾಏಕಿ ನಿಲ್ಲಿಸಬೇಡ. ಊಟ, ನೀರು ಕೊಡ್ತಿರು, ಬೈಕ್ ಕೀ ಎತ್ತಿಡು. ಫಿಟ್ಸ್ ಬಂದ್ರೆ, ಯಾರ್ಯಾರೋ ಕಾಣ್ತಾರೆ ಅಂದ್ರೆ ಸೋಮವಾರ ಕಾಯಬೇಡ, 108ಕ್ಕೆ ಫೋನ್ ಮಾಡು. ಆ ಬೀಗಾನೂ ಅಪ್ಪನ ಕೈಗೆ ಸಿಗದಂಗೆ ಇಡು.